ನಾಲ್ಕು ವರ್ಷದ ಮಕ್ಕಳಿಗೆ ಐದು ದಿನದಲ್ಲಿ ಜಪಾನ್: ಏನು ಮಾಡಿಸಬಹುದು?

ನಿಮ್ಮ ಪ್ರೀಸ್ಕೂಲ್‌ನಲ್ಲಿ ‘ದೇಶಗಳ ವಾರ’, ನಿಮ್ಮ ಪಾಲಿಗೆ ಬಂದಿರೋದು ಜಪಾನ್, ಮೂರರಿಂದ ಐದು ವರ್ಷದ 20 ಮಕ್ಕಳು, ಖರ್ಚಿಗೆ ದುಡ್ಡು ಕಡಿಮೆ. ಯಾವ ಕ್ರಾಫ್ಟ್, ಯಾವ ಆಟ ಅಂತ ಕೇಳಿದ್ದೀರಿ.

ಮೊದಲ ಸಲ ನನಗೂ ಜಪಾನೇ ಬಂದಿತ್ತು. ಭೂಪಟ, ಬಾವುಟ, ರಾಜಧಾನಿ ಅಂತ ಹೊರಟೆ. ಎಲ್ಲರ ಬಾಯಲ್ಲೂ ಟೋಕಿಯೊ ಟೋಕಿಯೊ ಅಂತ ಹೇಳಿಸಿ ಮುಗಿಸಿದ ಮೇಲೆ ಒಬ್ಬ ಹುಡುಗ, “ಮಿಸ್, ಜಪಾನು ನಮ್ಮಜ್ಜಿ ಊರಿಂದ ಮುಂದೆ ಬರುತ್ತಾ?” ಅಂದ. ಅವನಿಗೆ ಗೊತ್ತಿದ್ದ ಅತಿ ದೂರದ ಜಾಗ ಅಜ್ಜಿ ಊರು. ಭೂಪಟ ಸುತ್ತಿಟ್ಟೆ. ಈ ವಯಸ್ಸಿಗೆ ‘ದೇಶ’ ತಲೆಗೆ ಹೋಗಲ್ಲ. ‘ಅಲ್ಲಿನ ಮಕ್ಕಳು ಹೀಗೆ ಆಡ್ತಾರೆ’ ಅನ್ನೋದು ತಕ್ಷಣ ಹೋಗುತ್ತೆ. ಅಲ್ಲಿನ ಮಕ್ಕಳು ನಿಜವಾಗಿ ಮಾಡೋ ನಾಲ್ಕೈದು ಕೆಲಸ ಹಿಡ್ಕೊಳ್ಳಿ, ಸಾಕು.

ನನ್ನನ್ನು ಕೇಳಿದ್ರೆ ಇಡೀ ವಾರಕ್ಕೆ ಒಂದೇ ದೊಡ್ಡ ಕ್ರಾಫ್ಟ್ ಇರಲಿ, ಅದು ಕೊಯಿನೊಬೊರಿ, ಅಂದ್ರೆ ಗಾಳಿಗೆ ಉಬ್ಬಿ ಹಾರೋ ಮೀನು. ಮೇ 5 ಜಪಾನಿನಲ್ಲಿ ಮಕ್ಕಳ ದಿನ, 1948ರಿಂದ ಸರ್ಕಾರಿ ರಜೆ. ಆ ಸಮಯಕ್ಕೆ ಮನೆ ಮುಂದೆ, ಹೊಳೆ ದಂಡೆಯಲ್ಲಿ ಬಟ್ಟೆಯ ಮೀನುಗಳನ್ನು ಕಂಬಕ್ಕೆ ಕಟ್ಟಿ ಹಾರಿಸ್ತಾರೆ. ಮೇಲಿನ ದೊಡ್ಡ ಕಪ್ಪು ಮೀನು ಅಪ್ಪ, ಕೆಳಗೆ ಅಮ್ಮ, ಆಮೇಲೆ ಮಕ್ಕಳು. ಹೊಳೆಯ ಸೆಳೆತಕ್ಕೆ ಎದುರಾಗಿ ಈಜೋ ಮೀನಿನ ಹಾಗೆ ಮಕ್ಕಳು ಗಟ್ಟಿಯಾಗಲಿ ಅಂತ ಹಾರೈಕೆ.

ನಾನು ಮೊದಲ ವರ್ಷ ಇದನ್ನು ಚಾರ್ಟ್ ಪೇಪರಿನಲ್ಲಿ ಮಾಡಿಸಿ ಕೆಟ್ಟೆ. ಗಾಳಿ ಬೀಸಿದರೂ ಅಲ್ಲಾಡದೆ, ಸಂತೆಯಲ್ಲಿ ನೇತುಹಾಕಿದ ಒಣಮೀನಿನ ಹಾಗೆ ನೇತಾಡಿದವು. ಗಾಳಿಪಟದ ತೆಳು ಹಾಳೆ ತನ್ನಿ. ಅಗಲ ಒಂದು ಗೇಣು, ಉದ್ದ ಒಂದು ಮೊಳ ಸಾಕು. ಮಕ್ಕಳ ಅಂಗೈಗೆ ಪೋಸ್ಟರ್ ಕಲರ್ ಸವರಿ ಸಾಲಾಗಿ ಒತ್ತಿಸಿದ್ರೆ ಅದೇ ಮೀನಿನ ಹುರುಪೆ. ಬಣ್ಣ ತೆಳುವಾಗಿರಲಿ, ಜಾಸ್ತಿ ಆದ್ರೆ ಹಾಳೆ ಹರಿಯುತ್ತೆ. ಒಣಗಿದ ಮೇಲೆ ಕೊಳವೆ ಮಾಡಿ ಅಂಟಿಸಿ. ಇನ್ನು ಗುಟ್ಟೆಲ್ಲ ಬಾಯಲ್ಲಿದೆ: ಬಾಯಿ ತೆರೆದೇ ಇದ್ದರೆ ಮಾತ್ರ ಗಾಳಿ ಒಳಗೆ ನುಗ್ಗಿ ಹೊಟ್ಟೆ ಉಬ್ಬುತ್ತೆ. ಅದಕ್ಕೆ ಒಂದು ಹಳೇ ಬಳೆ ಇಟ್ಟು ಹಾಳೆಯ ಅಂಚನ್ನು ಅದರ ಮೇಲೆ ಮಡಚಿ ಅಂಟಿಸಿ, ಎರಡು ಕಡೆ ದಾರ ಕಟ್ಟಿ. ಮೀನು ಉಬ್ಬಿದ ಕ್ಷಣ ಮಕ್ಕಳ ಮುಖ ನೋಡಬೇಕು ನೀವು. ಇದಕ್ಕೆ ಎರಡು ದಿನ ಬೇಕು, ಒಂದೇ ದಿನದಲ್ಲಿ ಮುಗಿಸೋಕೆ ಹೋಗಬೇಡಿ.

ಒರಿಗಾಮಿ ಅಂದ ತಕ್ಷಣ ಎಲ್ಲರೂ ಕೊಕ್ಕರೆ ಅಂತಾರೆ. ಅದು ನಿಮ್ಮ ಕೈಲೇ ನೆಟ್ಟಗೆ ಬರಲ್ಲ, ಮಕ್ಕಳ ಮಾತು ಬಿಡಿ. ಚೌಕದ ಹಾಳೆಯನ್ನು ಮೂಲೆಯಿಂದ ಮೂಲೆಗೆ ಒಂದು ಮಡಿಕೆ, ಎರಡು ತುದಿ ಕೆಳಗೆ ಮಡಚಿದ್ರೆ ಕಿವಿ, ಕ್ರೆಯಾನಿನಲ್ಲಿ ಕಣ್ಣು ಮೂಗು: ನಾಯಿ ಮುಖ ಆಯ್ತು. ಮೂರು ವರ್ಷದವರಿಗೂ ಬರುತ್ತೆ.

ಆಟಕ್ಕೆ ಬರೋಣ. ‘ದಾರುಮಾ ಸಾನ್ ಗಾ ಕೊರೊಂದಾ’, ಅಂದ್ರೆ ‘ದಾರುಮಾ ಬಿದ್ದ’. ಒಬ್ಬರು ಗೋಡೆಗೆ ಮುಖ ಮಾಡಿ ಈ ಮಾತು ಹೇಳ್ತಾರೆ, ಮಿಕ್ಕವರು ಹಿಂದಿನಿಂದ ಕಳ್ಳಹೆಜ್ಜೆ ಹಾಕ್ತಾರೆ. ಹೇಳಿ ಮುಗಿಸಿ ತಿರುಗಿದಾಗ ಯಾರು ಅಲ್ಲಾಡಿದ್ರೋ ಅವರು ಔಟ್. ನಮ್ಮ ‘ಸ್ಟ್ಯಾಚ್ಯೂ’ ಆಟದ ಅಣ್ಣ ಅನ್ನಿ. ಪುಟಾಣಿಗಳನ್ನು ಔಟ್ ಮಾಡಿದ್ರೆ ಅಳು ಶುರು; ಒಂದು ಹೆಜ್ಜೆ ಹಿಂದೆ ಕಳಿಸಿ ಸಾಕು. ದಾರುಮಾ ಅಂದ್ರೆ ಕೆಂಪು ಬಣ್ಣದ, ಬೀಳಿಸಿದ್ರೂ ಎದ್ದು ಕೂರೋ ಗೊಂಬೆ. ಹೆಸರು ಬಂದಿರೋದು ನಮ್ಮ ಕಡೆಯಿಂದ ಹೋದ ಅಂತ ಹೇಳೋ ಬೌದ್ಧ ಭಿಕ್ಷು ಬೋಧಿಧರ್ಮನಿಂದ. ಇದು ಮಕ್ಕಳಿಗೆ ಬೇಡ, ಪೋಷಕರು ಕೇಳಿದ್ರೆ ಹೇಳೋಕೆ ಇರಲಿ.

ಇನ್ನೊಂದು ಫುಕುವರಾಯ್, ಹೊಸವರ್ಷದ ಆಟ. ಕಣ್ಣು ಮೂಗು ಇಲ್ಲದ ದುಂಡು ಮುಖ ಬರೆದಿಟ್ಟು, ಕತ್ತರಿಸಿದ ಕಣ್ಣು, ಹುಬ್ಬು, ಬಾಯಿಗಳನ್ನು ಕಣ್ಣು ಮುಚ್ಚಿ ಜೋಡಿಸೋದು. ಬಾಯಿ ಹಣೆ ಮೇಲೆ ಹೋಗುತ್ತೆ, ಕ್ಲಾಸು ಬಿದ್ದು ಬಿದ್ದು ನಗುತ್ತೆ. ಬಟ್ಟೆ ಕಟ್ಟಿದ್ರೆ ಕೆಲವರು ಹೆದರ್ತಾರೆ, ಅವರವರ ಕೈಯಿಂದಲೇ ಒಂದು ಕಣ್ಣು ಮುಚ್ಚಿಕೊಳ್ಳಲಿ, ಇನ್ನೊಂದು ಕಣ್ಣಿಗೆ ನಿಮ್ಮ ಅಂಗೈ.

ಫೆಬ್ರವರಿ ಮೊದಲ ವಾರ ಸೆತ್ಸುಬುನ್ ಅಂತ ಹುರಿದ ಸೋಯಾ ಕಾಳು ಎಸೆದು ‘ಓನಿ’ ಎಂಬ ರಾಕ್ಷಸನನ್ನು ಓಡಿಸೋ ಸಂಪ್ರದಾಯ ಇದೆ. ಮಾಡಿಸೋದಾದ್ರೆ ಕಾಳು ಮಾತ್ರ ಬೇಡ. ಗಂಟಲಿಗೆ ಸಿಕ್ಕಿಕೊಳ್ಳುತ್ತೆ ಅಂತ ಐದು ವರ್ಷದವರೆಗಿನ ಮಕ್ಕಳಿಗೆ ಗಟ್ಟಿ ಕಾಳು ಕೊಡಬೇಡಿ ಎಂದು ಅಲ್ಲಿನ ಸರ್ಕಾರವೇ ಎಚ್ಚರಿಸುತ್ತೆ. ಪೇಪರ್ ಉಂಡೆ ಎಸೆಯಲಿ. ಓನಿ ಯಾರು? ನೀವೇ. ತಲೆಗೆ ಎರಡು ಕೊಂಬು ಕಟ್ಟಿಕೊಳ್ಳಿ.

ಮಳೆಗಾಲದಲ್ಲಿದ್ದರೆ ತೆರು ತೆರು ಬೋಜು ಮಾಡಿಸಿ: ಬಿಳಿ ಕರ್ಚೀಫಿನೊಳಗೆ ಹತ್ತಿ ಉಂಡೆ ಇಟ್ಟು ಕುತ್ತಿಗೆಗೆ ದಾರ ಕಟ್ಟಿ ಕಿಟಕಿಗೆ ನೇತುಹಾಕೋದು, ನಾಳೆ ಬಿಸಿಲು ಬರಲಿ ಅಂತ. ನಾವು ಮಳೆಗೆ ಕಪ್ಪೆ ಮದುವೆ ಮಾಡ್ತೀವಿ, ಅವರು ಮಳೆ ನಿಲ್ಲಲಿ ಅಂತ ಗೊಂಬೆ ಕಟ್ತಾರೆ. ಈ ಹೋಲಿಕೆ ಮಕ್ಕಳಿಗೆ ಭಾರಿ ಇಷ್ಟ.

ಅಲ್ಲಿನ ಸಾಂಪ್ರದಾಯಿಕ ಉಡುಪು ಕಿಮೋನೊ ಬಾಡಿಗೆಗೆ ದುಡ್ಡು ಸುರಿಯಬೇಡಿ. ಜಪಾನಿನವರು ಹೀಗಿರ್ತಾರೆ ಅಂತ ಮಕ್ಕಳು ಕಣ್ಣು ಎಳೆದು ತೋರಿಸಿ ನಗಾಡಿದ್ರೆ ಅಲ್ಲೇ ನಿಲ್ಲಿಸಿ. ದೊಡ್ಡವರೇ ಇದನ್ನು ಕಲಿಸಿರ್ತಾರೆ.

ಕೊನೆಗೊಂದು ಮಾತು: ಮೀನಿನ ಬಾಯಿಗೆ ಇಡೋ ಬಳೆಗಾಗಿ ಪೋಷಕರಿಗೆ ಚೀಟಿ ಕಳಿಸುವಾಗ ‘ಪ್ಲಾಸ್ಟಿಕ್ ಬಳೆ’ ಅಂತ ಸ್ಪಷ್ಟವಾಗಿ ಬರೀರಿ. ನಾನು ಬರೀ ‘ಒಂದು ಬಳೆ’ ಅಂತ ಬರೆದಿದ್ದೆ. ಮಾರನೇ ದಿನ ಹನ್ನೆರಡು ಗಾಜಿನ ಬಳೆ ಬಂದವು, ಜೊತೆಗೆ ಒಬ್ಬಳ ಟಿಫಿನ್ ಬ್ಯಾಗಿನಲ್ಲಿ ಅವಳಮ್ಮನ ಚಿನ್ನದ ಬಳೆ.