ಡಿವೋರ್ಸ್ ಸರ್ಟಿಫಿಕೇಟ್ ಯಾವ ಆಫೀಸಿನಲ್ಲಿ ಸಿಗುತ್ತದೆ?

ಪ್ರಶ್ನೆ: ಮೇಡಂ, ಹೋದ ವರ್ಷ ಫ್ಯಾಮಿಲಿ ಕೋರ್ಟಿನಲ್ಲಿ ಇಬ್ಬರ ಒಪ್ಪಿಗೆ ಮೇಲೆ ನಮ್ಮ ವಿಚ್ಛೇದನ ಆಯಿತು. ಬ್ಯಾಂಕಿಗೆ ಹೆಸರು ಬದಲಾಯಿಸಲು ಹೋದರೆ ಡಿವೋರ್ಸ್ ಸರ್ಟಿಫಿಕೇಟ್ ತನ್ನಿ ಅಂದರು. ವಕೀಲರು ವಾಟ್ಸಾಪ್‌ನಲ್ಲಿ ಕಳಿಸಿದ್ದ ಆರ್ಡರ್ ಪಿಡಿಎಫ್ ತೋರಿಸಿದೆ, ಅದು ನಡೆಯಲ್ಲ ಅಂದರು. ಸರ್ಟಿಫಿಕೇಟ್ ಎಲ್ಲಿ ಮಾಡಿಸಬೇಕು? ಆಧಾರ್, ಪ್ಯಾನ್, ಪಾಸ್‌ಪೋರ್ಟ್ ಎಲ್ಲದರಲ್ಲೂ ಬದಲಾಯಿಸಲೇಬೇಕಾ? (ಹೆಸರು ಹಾಕಬೇಡಿ)

ಉತ್ತರ: ಕೋರ್ಟಿನಲ್ಲಿ ಆದ ವಿಚ್ಛೇದನಕ್ಕೆ ಡಿಕ್ರಿ, ಅಂದರೆ ಕೋರ್ಟಿನ ಅಂತಿಮ ಆದೇಶವೇ ದಾಖಲೆ. ಅದನ್ನು ಬಿಟ್ಟು ಬೇರೆ ಸರ್ಟಿಫಿಕೇಟ್ ಮಾಡಿಸುವ ಅಗತ್ಯ ಇಲ್ಲ. ಮಾಡಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಬ್ಯಾಂಕಿನವರಿಗೆ ಬೇಕಿರುವುದು ಡಿಕ್ರಿಯ ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟಿನ ಮೊಹರು, ಸಹಿ ಇರುವ ನಕಲು. ವೆಬ್‌ಸೈಟಿನಿಂದ ಇಳಿಸಿಕೊಂಡ ಪಿಡಿಎಫ್ ನಿಮ್ಮ ಮಾಹಿತಿಗೆ ಮಾತ್ರ.

ಒಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 23(4)ನೇ ಕಲಂ ಪ್ರಕಾರ ವಿಚ್ಛೇದನ ಕೊಟ್ಟ ಕೋರ್ಟು ಇಬ್ಬರಿಗೂ ಡಿಕ್ರಿಯ ಒಂದೊಂದು ಪ್ರತಿಯನ್ನು ಉಚಿತವಾಗಿ ಕೊಡಬೇಕು. ಅದು ನಿಮ್ಮ ವಕೀಲರ ಫೈಲಿನಲ್ಲೇ ಇರಬಹುದು, ಮೊದಲು ಅವರನ್ನು ಕೇಳಿ. ಇಲ್ಲದಿದ್ದರೆ ಕೇಸು ನಡೆದ ಕೋರ್ಟಿನ ನಕಲು ವಿಭಾಗಕ್ಕೆ ಹೋಗಿ ಅರ್ಜಿ ಕೊಡಿ. ವಕೀಲರೇ ಬೇಕು ಅಂತೇನಿಲ್ಲ, ಕೇಸಿನ ಕಕ್ಷಿದಾರರು ನೀವೇ ಅಲ್ವಾ. ಕೇಸಿನ ನಂಬರು, ವರ್ಷ, ಇಬ್ಬರ ಹೆಸರು, ಡಿಕ್ರಿ ಆದ ತಾರೀಖು ಬರೆದುಕೊಂಡು ಹೋಗಿ. ನಂಬರು ಮರೆತಿದ್ದರೆ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು. ಹಳೇ ಕೇಸಾದರೆ ಫೈಲು ರೆಕಾರ್ಡ್ ರೂಮಿನಿಂದ ಬರಬೇಕು, ಸ್ವಲ್ಪ ಜಾಸ್ತಿ ದಿನ ಹಿಡಿಯುತ್ತದೆ.

ಅರ್ಜಿಯಲ್ಲಿ ಜಡ್ಜ್‌ಮೆಂಟ್ ಮತ್ತು ಡಿಕ್ರಿ ಎರಡನ್ನೂ ಕೇಳಿ. ಜಡ್ಜ್‌ಮೆಂಟಿನಲ್ಲಿ ಕಾರಣಗಳು ಇರುತ್ತವೆ. ಮದುವೆ ಇಂಥ ದಿನ ರದ್ದಾಯಿತು ಅಂತ ಚಿಕ್ಕದಾಗಿ, ಖಚಿತವಾಗಿ ಹೇಳುವುದು ಡಿಕ್ರಿ. ಮನೆಯ ಜಗಳವೆಲ್ಲ ಬರೆದಿರುವ ಜಡ್ಜ್‌ಮೆಂಟನ್ನು ಬ್ಯಾಂಕಿನ ಕೌಂಟರಿನಲ್ಲಿ ಸುಮ್ನೆ ಕೊಡಬೇಡಿ, ಡಿಕ್ರಿ ಸಾಕಾಗುತ್ತದಾ ಅಂತ ಮೊದಲು ಕೇಳಿ. ಅದು ನಿಮ್ಮ ಖಾಸಗಿ ಬದುಕು, ಎಲ್ಲರೂ ಓದಬೇಕಾಗಿಲ್ಲ.

ಕಾಪಿ ಕೈಗೆ ಬಂದ ಕೂಡಲೇ ಅಲ್ಲೇ ನಿಂತು ಓದಿ. ಮೊಹರು, ಸಹಿ ಬಿದ್ದಿದೆಯಾ? ಅರ್ಜಿ ಕೊಟ್ಟ ದಿನ, ಕಾಪಿ ಸಿದ್ಧವಾದ ದಿನ, ಕೊಟ್ಟ ದಿನ ನಮೂದಾಗಿದೆಯಾ? ಎಲ್ಲಕ್ಕಿಂತ ಮುಖ್ಯ, ಹೆಸರು. ಆಧಾರ್‌ನಲ್ಲಿ ‘ಲತಾ ಎಸ್’ ಇದ್ದು ಡಿಕ್ರಿಯಲ್ಲಿ ‘ಲತ ಎಸ್’ ಅಂತ ಟೈಪಾಗಿದ್ದರೆ, ಮುಂದೆ ಪ್ರತಿ ಆಫೀಸಿನಲ್ಲೂ ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಕೊಡುತ್ತಾ ಓಡಾಡಬೇಕಾಗುತ್ತದೆ. ಇಂಥ ಬರವಣಿಗೆ ತಪ್ಪನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 152ನೇ ಕಲಂ ಅಡಿ ಕೋರ್ಟು ಯಾವಾಗ ಬೇಕಾದರೂ ಸರಿಪಡಿಸಬಹುದು. ಎರಡು ಮೂರು ಕಾಪಿ ತೆಗೆದುಕೊಳ್ಳಿ. ಆಫೀಸುಗಳಲ್ಲಿ ಮೊಹರಿರುವ ಕಾಪಿ ತೋರಿಸಿ ಜೆರಾಕ್ಸ್ ಕೊಡಿ, ಒಂದನ್ನಂತೂ ಯಾರಿಗೂ ಕೊಡದೆ ಮನೆಯಲ್ಲಿ ಇಟ್ಟುಕೊಳ್ಳಿ.

ಇನ್ನು ಎಲ್ಲಿ ಏನು ಬದಲಾಯಿಸಬೇಕು ಅನ್ನುವುದು. ಹೆಸರಿಗಿಂತ ಮೊದಲು ನಾಮಿನಿ ನೋಡಿ ಅಂತ ಕೈಮುಗಿದು ಹೇಳುತ್ತೇನೆ. ವಿಚ್ಛೇದನ ಆಯಿತು ಅಂತ ಬ್ಯಾಂಕು, ಪಿಎಫ್, ಇನ್ಶೂರೆನ್ಸ್ ದಾಖಲೆಯಲ್ಲಿ ಮಾಜಿ ಗಂಡನ ಹೆಸರು ತಾನಾಗಿ ಅಳಿಸಿಹೋಗುವುದಿಲ್ಲ. ನಾಳೆ ನಿಮಗೆ ಏನಾದರೂ ಆದರೆ ಮಕ್ಕಳು, ಅಪ್ಪ ಅಮ್ಮ ಆ ದುಡ್ಡಿಗಾಗಿ ಅಲೆಯಬೇಕಾಗುತ್ತದೆ. ಜಂಟಿ ಖಾತೆಯೂ ಅಷ್ಟೇ, ನೀವಾಗಿ ಹೋಗಿ ಮುಚ್ಚಿಸುವವರೆಗೆ ಹಾಗೇ ಇರುತ್ತದೆ.

ಗಂಡನ ಸರ್‌ನೇಮ್ ಬಿಡಲೇಬೇಕು ಅಂತ ಯಾವ ಕಾನೂನೂ ಇಲ್ಲ. ಡಿಗ್ರಿ, ಕೆಲಸ, ಆಸ್ತಿ ಪತ್ರ ಎಲ್ಲ ಆ ಹೆಸರಿನಲ್ಲೇ ಇದ್ದರೆ ಹಾಗೇ ಬಿಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಬದಲಾಯಿಸುವುದೇ ಆದರೆ ಡಿಕ್ರಿಯ ಜೊತೆ ತವರಿನ ಹೆಸರಿರುವ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂಥ ಹಳೇ ದಾಖಲೆಯನ್ನೂ ಇಟ್ಟುಕೊಳ್ಳಿ, ಯಾಕೆಂದರೆ ಡಿಕ್ರಿಯಲ್ಲಿ ಸಾಮಾನ್ಯವಾಗಿ ಮದುವೆ ರದ್ದಾಯಿತು ಅಂತಷ್ಟೇ ಇರುತ್ತದೆ, ನಿಮ್ಮ ಹೊಸ ಹೆಸರು ಇರುವುದಿಲ್ಲ. ಆಧಾರ್ ಮೊದಲು ಮಾಡಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕು. ಆಧಾರ್‌ನಲ್ಲಿ ಹೆಸರನ್ನು ಎರಡೇ ಸಲ ಬದಲಾಯಿಸಲು ಅವಕಾಶ, ಯೋಚಿಸಿ ಮಾಡಿ. ಪ್ಯಾನ್ ಕಾರ್ಡಿನಲ್ಲಿ ಗಂಡನ ಹೆಸರೇ ಇರುವುದಿಲ್ಲ, ಹಾಗಾಗಿ ನಿಮ್ಮ ಹೆಸರು ಬದಲಾಗದಿದ್ದರೆ ಅದನ್ನು ಮುಟ್ಟಬೇಕಾಗಿಲ್ಲ. ಪಾಸ್‌ಪೋರ್ಟಿನಲ್ಲಿ ತಿದ್ದುವುದು ಅಂತ ಇಲ್ಲ, ರೀ-ಇಶ್ಯೂಗೆ ಅರ್ಜಿ ಹಾಕಿ ಹೊಸ ಪುಸ್ತಕ ಪಡೆಯಬೇಕು. ವಿದೇಶದಲ್ಲಿ ಡಿಕ್ರಿ ತೋರಿಸುವ ಸಂದರ್ಭ ಬಂದರೆ ಅದಕ್ಕೆ ಅಪೋಸ್ಟಿಲ್ (ಅದರ ಸಹಿ, ಮೊಹರು ನಿಜ ಅಂತ ದೃಢೀಕರಿಸುವ ಮುದ್ರೆ) ಕೇಳಬಹುದು, ಅದನ್ನು ಕೊಡುವುದು ಕೇಂದ್ರದ ವಿದೇಶಾಂಗ ಸಚಿವಾಲಯ.

ಪ್ರಶ್ನೆ: ನಮ್ಮ ಅಕ್ಕ ಮತ್ತು ಭಾವ ಊರ ಹಿರಿಯರ ಮುಂದೆ ಬಾಂಡ್ ಪೇಪರ್ ಮೇಲೆ ಬರೆದು, ನೋಟರಿ ಮಾಡಿಸಿ ಬೇರೆಯಾದರು. ನಾವು ಹಿಂದೂಗಳು. ರೇಷನ್ ಕಾರ್ಡ್ ಬೇರೆ ಮಾಡಿಸಲು ಆ ಪತ್ರ ಸಾಕಾ?

ಉತ್ತರ: ಅದು ವಿಚ್ಛೇದನ ಆಗುವುದಿಲ್ಲ. ನೋಟರಿಗೆ ಮದುವೆ ಮುರಿಯುವ ಅಧಿಕಾರ ಇಲ್ಲ. ಸಮುದಾಯದ ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯಲ್ಲಿ ಜಾಗ ಇದೆ, ಆದರೆ ಆ ರೂಢಿಯನ್ನು ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ಕಾನೂನಿನ ಕಣ್ಣಿಗೆ ಅವರು ಇನ್ನೂ ಗಂಡ ಹೆಂಡತಿ, ಈಗ ಯಾರೇ ಇನ್ನೊಂದು ಮದುವೆಯಾದರೂ ಅಪರಾಧವಾಗುತ್ತದೆ. ಒಂದು ವರ್ಷ ಬೇರೆ ಇದ್ದು, ಇಬ್ಬರಿಗೂ ಒಪ್ಪಿಗೆ ಇದ್ದರೆ 13ಬಿ ಕಲಂ ಅಡಿ ಅರ್ಜಿ ಹಾಕಲಿ. ಅರ್ಜಿ ಹಾಕಿದ ಮೇಲೆ ಕಾಯಬೇಕಾದ ಆರು ತಿಂಗಳ ಅವಧಿಯನ್ನು ಸೂಕ್ತ ಕೇಸುಗಳಲ್ಲಿ ಕೋರ್ಟು ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ವಕೀಲರ ಫೀಸು ಕಷ್ಟವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಆ ಬಾಂಡ್ ಪೇಪರ್ ಎಸೆಯಬೇಡಿ. ಯಾವಾಗಿನಿಂದ ಬೇರೆ ಇದ್ದಾರೆ ಅಂತ ತೋರಿಸಲು ಉಪಯೋಗಕ್ಕೆ ಬರಬಹುದು, ವಕೀಲರಿಗೆ ಕೊಡಿ.