ಸ್ಟ್ಯಾಂಡ್ ಕೊಳ್ಳೋ ಮುಂಚೆ ಸೀಟಿನ ಕೆಳಗೆ ನೋಡಿ

ಪ್ರಶ್ನೆ: ಸರ್, ನಮ್ಮ ಮನೆಯಲ್ಲಿ ಎರಡು ಸೈಕಲ್ ಇವೆ. ನನ್ನದು ಅಲ್ಯೂಮಿನಿಯಂ ಫ್ರೇಮಿನ ರೋಡ್ ಬೈಕು. ಭಾನುವಾರ ಬೆಳಿಗ್ಗೆ ಅದರಲ್ಲೇ ಚಾಮುಂಡಿ ಬೆಟ್ಟ ಹತ್ತುತ್ತೇನೆ. ಇನ್ನೊಂದು ಮಗಳ ಗೇರ್ ಸೈಕಲ್. ಚೈನ್ ತೊಳೆಯೋದು, ಗೇರ್ ಕೂರಿಸೋದು ಕಲಿತಿದ್ದೇನೆ. ಆದರೆ ಪ್ರತಿ ಸಲ ಸೈಕಲ್ ತಲೆಕೆಳಗೆ ಮಾಡಿ ಕುಕ್ಕರಗಾಲಲ್ಲಿ ಕೂರಬೇಕು, ಸೊಂಟ ಹಿಡಿದುಕೊಳ್ಳುತ್ತೆ. ರಿಪೇರಿ ಸ್ಟ್ಯಾಂಡ್ ತಗೊಳ್ಳೋಣ ಅಂತ ನೋಡಿದರೆ ₹2,500ಕ್ಕೂ ಇದೆ, ₹20,000ಕ್ಕೂ ಇದೆ. ಮನೆ ಬಳಕೆಗೆ ಎಂಥದು ಸಾಕು? ಕೆಲಸ ಮಾಡೋ ಜಾಗ ನಮ್ಮ ಪೋರ್ಟಿಕೊ.
– ಶಾಲಾ ಶಿಕ್ಷಕಿ, ಕುವೆಂಪುನಗರ, ಮೈಸೂರು

ಉತ್ತರ: ತಾಯಿ, ನಿಮ್ಮ ಕಾಗದ ಓದಿ ಬಹಳ ಖುಷಿಯಾಯಿತು. ತಮ್ಮ ಸೈಕಲ್ ಚೈನನ್ನು ತಾವೇ ತೊಳೆಯೋರು ಕಡಿಮೆ. ಅಂಥವರಿಗೆ ಸ್ಟ್ಯಾಂಡ್ ಅನ್ನೋದು ಶೋಕಿ ಸಾಮಾನಲ್ಲ. ಸೈಕಲ್ ಎದೆಮಟ್ಟಕ್ಕೆ ಬಂದು ನಿಂತರೆ ಕಣ್ಣಿಗೆ ಎಷ್ಟೋ ಕಾಣಿಸುತ್ತೆ. ಬ್ರೇಕ್ ಪ್ಯಾಡ್ ಒಂದೇ ಕಡೆ ಸವೆದಿರೋದು, ಕೇಬಲ್ಲಿನ ಒಂದು ಎಳೆ ಬಿಚ್ಚಿಕೊಂಡಿರೋದು, ಕಡ್ಡಿ ಸಡಿಲ ಆಗಿರೋದು ಬಗ್ಗಿ ನೋಡುವಾಗ ತಪ್ಪಿಹೋಗುತ್ತೆ.

ಬೆಲೆ ಆಮೇಲೆ ನೋಡೋಣ. ಮೊದಲು ಒಂದು ಟೇಪು ತಗೊಂಡು ಸೈಕಲ್ ಹತ್ತಿರ ಹೋಗಿ. ಸೀಟಿನ ಕೆಳಗೆ ಸೀಟ್ ಪೋಸ್ಟ್, ಅಂದರೆ ಸೀಟನ್ನು ಹೊತ್ತಿರೋ ಪೈಪು, ಎಷ್ಟು ಹೊರಗಿದೆ ಅಂತ ಅಳೆಯಿರಿ. ಸ್ಟ್ಯಾಂಡಿನ ಕ್ಲಾಂಪ್ ಹಿಡಿಯಬೇಕಾದ ಜಾಗ ಅದು. ಕ್ಲಾಂಪಿನ ದವಡೆ ಕೂರೋಕೆ ಹತ್ತು ಸೆಂಟಿಮೀಟರ್ ಬರೀ ಪೋಸ್ಟ್ ಸಿಕ್ಕರೆ ಅನುಕೂಲ. ನಿಮ್ಮ ಸೈಕಲ್ಲಿನಲ್ಲಿ ಸಿಗಬಹುದು. ಮಗಳದರಲ್ಲಿ ಸೀಟು ತಗ್ಗಿಸಿರುತ್ತೀರಿ, ಸಿಗಲಿಕ್ಕಿಲ್ಲ. ಹಾಗಿದ್ದರೆ ಪೋಸ್ಟು ಫ್ರೇಮಿನೊಳಗೆ ಇಳಿಯುವ ಜಾಗದಲ್ಲಿ ಒಂದು ಸುತ್ತು ಇನ್ಸುಲೇಷನ್ ಟೇಪ್ ಹಾಕಿ ಗುರುತು ಮಾಡಿಕೊಂಡು, ಕೆಲಸ ಮುಗಿಯೋವರೆಗೆ ಪೋಸ್ಟನ್ನು ಮೇಲೆತ್ತಿ. ಪೋಸ್ಟಿನ ಮೇಲೆ ಕಂಪನಿಯವರು ಒಂದು ಗೆರೆ ಕೆತ್ತಿರುತ್ತಾರೆ. ಆ ಗೆರೆ ಹೊರಗೆ ಕಾಣೋ ಹಾಗೆ ಮಾತ್ರ ಎಳೆಯಬೇಡಿ. ಕೆಲಸ ಆದಮೇಲೆ ಟೇಪಿನ ಗುರುತಿಗೆ ಇಳಿಸಿದರೆ ಸೀಟು ಮೊದಲಿನ ಎತ್ತರಕ್ಕೇ ಬರುತ್ತೆ.

ಸೀಟ್ ಪೋಸ್ಟೇ ಯಾಕೆ, ಮೇಲಿನ ಪೈಪ್ ಹಿಡಿದರೆ ಆಗಲ್ವಾ ಅಂತ ಕೇಳೋರು ತುಂಬಾ ಜನ. ಇದನ್ನ ನಾನು ನಷ್ಟ ಮಾಡಿಕೊಂಡು ಕಲಿತೆ. 2012ರಲ್ಲಿ ಅಕ್ಕನ ಮಗನ ಹೊಸ ಅಲ್ಯೂಮಿನಿಯಂ ಸೈಕಲ್ ನನ್ನ ಸ್ಟ್ಯಾಂಡಿಗೆ ಬಂತು. ಸೀಟ್ ಪೋಸ್ಟ್ ಗಿಡ್ಡ ಇತ್ತು ಅಂತ ಮೇಲಿನ ಪೈಪಿಗೇ ಕ್ಲಾಂಪ್ ಹಾಕಿದೆ. ಪೆಡಲ್ ತಿರುಗಿಸುವಾಗ ಸೈಕಲ್ ಸ್ವಲ್ಪ ಜಾರಿತು. ಇನ್ನೊಂದು ಸುತ್ತು ಬಿಗಿ ಮಾಡಿದೆ. 'ಟಕ್' ಅಂತ ಸಣ್ಣ ಸದ್ದು ಬಂತು, ಅಷ್ಟೇ. ಬಿಚ್ಚಿ ನೋಡಿದರೆ ಬಣ್ಣ ಹಾಗೇ ಇದೆ. ಹೆಬ್ಬೆರಳು ಆಡಿಸಿದಾಗ ಗೊತ್ತಾಯಿತು, ಹುಣಸೆಬೀಜ ಕೂರುವಷ್ಟು ತಗ್ಗು. ಅವನು ಒಂದು ಮಾತೂ ಆಡಲಿಲ್ಲ. ಇವತ್ತಿಗೂ ಆ ಸೈಕಲ್ ಕಂಡರೆ ನನ್ನ ಬೆರಳು ಅಲ್ಲಿಗೇ ಹೋಗುತ್ತೆ.

ನಾನು ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವನು. ವೈಸಿನ (ಸಾಮಾನನ್ನ ಬಿಗಿದು ಹಿಡಿಯೋ ಸಾಧನ) ದವಡೆಗೆ ಟೊಳ್ಳು ಪೈಪ್ ಕೊಟ್ಟರೆ ಏನಾಗುತ್ತೆ ಅಂತ ದಿನಾ ನೋಡಿದ್ದೆ. ಆದರೂ ಸೈಕಲ್ ಪೈಪು ಇಷ್ಟು ಸೂಕ್ಷ್ಮ ಅಂತ ಅಂದುಕೊಂಡಿರಲಿಲ್ಲ. ತೂಕ ಇಳಿಸೋಕೆ ಒಳ್ಳೆ ಸೈಕಲ್ಲಿನ ಪೈಪನ್ನು ಎರಡು ತುದಿಯಲ್ಲಿ ದಪ್ಪ, ನಡುವೆ ತೆಳ್ಳಗೆ ಮಾಡಿರುತ್ತಾರೆ. ನಾವು ಕ್ಲಾಂಪ್ ಹಾಕೋದು ಸರಿಯಾಗಿ ಆ ನಡುವಿಗೇ. ಕಾರ್ಬನ್ ಫೈಬರ್ ಫ್ರೇಮ್ ಆದರೆ ಇನ್ನೂ ಕಷ್ಟ. ತಗ್ಗು ಕಾಣಿಸೋದೇ ಇಲ್ಲ, ಒಳಗೊಳಗೇ ಬಿರುಕು ಬಿಡುತ್ತೆ. ಸೀಟ್ ಪೋಸ್ಟು ದುಂಡಗೆ, ಗಟ್ಟಿಯಾಗಿರುತ್ತೆ. ಗೀರು ಬಿದ್ದರೂ ಬೇರೆ ಪೋಸ್ಟ್ ಹಾಕಿಸಬಹುದು, ಫ್ರೇಮಿಗೆ ಏಟು ಬೀಳಲ್ಲ. ಕ್ಲಾಂಪ್ ಹಾಕೋ ಮುಂಚೆ ಪೋಸ್ಟಿನ ಮೇಲಿನ ಮಣ್ಣು ಒರೆಸಿ. ಇಲ್ಲದಿದ್ದರೆ ಮಣ್ಣೇ ಉಪ್ಪುಕಾಗದದ ಹಾಗೆ ಉಜ್ಜುತ್ತೆ.

ಈಗ ಅಂಗಡಿ ಕಡೆ ಬರೋಣ. ಮನೆಗೆ ಸಿಗೋದರಲ್ಲಿ ಮೂರು ಜಾತಿ. ಹಿಂದಿನ ಚಕ್ರದ ಆಕ್ಸಲ್ ಹತ್ತಿರ ಹಿಡಿದು ಚಕ್ರವನ್ನ ಒಂದಿಷ್ಟು ಮೇಲೆತ್ತೋ ಚಿಕ್ಕ ಸ್ಟ್ಯಾಂಡ್ ಅಗ್ಗ. ಚೈನ್ ತೊಳೆಯೋಕೆ, ಗೇರ್ ನೋಡೋಕೆ ಅದು ಸಾಕು. ಆದರೆ ನಿಮ್ಮ ಸೊಂಟದ ನೋವು ಹಾಗೇ ಉಳಿಯುತ್ತೆ, ಹಿಂದಿನ ಚಕ್ರ ಬಿಚ್ಚೋಕೂ ಆಗಲ್ಲ. ಎರಡನೆಯದು ರೇಸಿನವರು ಬಳಸೋ ಸ್ಟ್ಯಾಂಡ್. ಮುಂದಿನ ಚಕ್ರ ತೆಗೆದು ಫೋರ್ಕನ್ನು ಅದಕ್ಕೆ ಬಿಗಿದು, ಪೆಡಲಿನ ನಡುವಿನ ಭಾಗವನ್ನ ಒಂದು ತೊಟ್ಟಿಲಿನ ಮೇಲೆ ಕೂರಿಸೋದು. ಫ್ರೇಮಿನ ಪೈಪಿಗೆ ಎಲ್ಲೂ ಬಿಗಿಯೋದಿಲ್ಲ, ಕಾರ್ಬನ್ ಸೈಕಲ್ ಇರೋರಿಗೆ ನಾನು ಹೇಳೋದು ಇದನ್ನೇ. ಆದರೆ ತಗೊಳ್ಳೋ ಮುಂಚೆ ಚಕ್ರದ ಆಕ್ಸಲ್ ಎಂಥದು ನೋಡಿಕೊಳ್ಳಿ. ಹಳೇ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಡಿಸೋ ತೆಳು ಕಡ್ಡಿ) ಬೇರೆ, ಈಗಿನ ಥ್ರೂ ಆಕ್ಸಲ್ (ಫೋರ್ಕಿನ ತೂತಿನಲ್ಲಿ ತೂರಿಸಿ ಬಿಗಿಯೋ ದಪ್ಪ ಕಡ್ಡಿ) ಬೇರೆ. ಥ್ರೂ ಆಕ್ಸಲ್ಲಿನಲ್ಲೂ 12 ಮಿಲಿಮೀಟರ್, 15 ಮಿಲಿಮೀಟರ್ ಅಂತ ಇದೆ. ಅದಕ್ಕೆ ತಕ್ಕ ಅಡಾಪ್ಟರ್ ಬೇಕು.

ಮೂರನೆಯದು ಕ್ಲಾಂಪ್ ಸ್ಟ್ಯಾಂಡ್. ನಿಮ್ಮ ಮನೆಯ ಎರಡೂ ಸೈಕಲ್ಲಿಗೆ ಇದೇ ಸರಿ. ಇದರಲ್ಲಿ ನಾನು ನೋಡೋದು ಎರಡು ಜಾಗ, ತಲೆ ಮತ್ತು ಕಾಲು. ತಲೆ ಅಂದರೆ ಕ್ಲಾಂಪು ಕಂಬಕ್ಕೆ ಸೇರೋ ಕಡೆ. ಸೈಕಲ್ಲನ್ನ ಓರೆ ಮಾಡೋಕೆ ಅಲ್ಲಿ ತಿರುಗುತ್ತೆ. ಅಗ್ಗದ ಸ್ಟ್ಯಾಂಡಿನಲ್ಲಿ ಅಲ್ಲಿ ಪ್ಲಾಸ್ಟಿಕ್ ಇರುತ್ತೆ, ಬರೀ ಬಿಗಿತದ ಮೇಲೆ ನಿಂತಿರುತ್ತೆ. ಹದಿನೈದು ಕೆ.ಜಿ. ಸೈಕಲ್ ಹಾಕಿ ಪೆಡಲ್ ತಿರುಗಿಸಿದರೆ ಮುಂಭಾಗ ನಿಧಾನಕ್ಕೆ ತಲೆ ಬಗ್ಗಿಸುತ್ತಾ ಹೋಗುತ್ತೆ. ಎರಡು ಲೋಹದ ಬಿಲ್ಲೆಗಳಿಗೆ ಹಲ್ಲು ಕೊಯ್ದು ಒಂದಕ್ಕೊಂದು ಕಚ್ಚಿಸಿರೋ ತಲೆ ಸಿಕ್ಕರೆ ಸಾವಿರ ಜಾಸ್ತಿ ಆದರೂ ಕೊಡಿ. ದವಡೆಗೆ ರಬ್ಬರ್ ಇರಲಿ. ನಿಮ್ಮ ಪೋಸ್ಟು 27.2 ಮಿಲಿಮೀಟರೋ 31.6ಓ ಅಂತ ಅದರ ಮೇಲೇ ಬರೆದಿರುತ್ತೆ. ದವಡೆ ಅಷ್ಟಕ್ಕೆ ಸರಿಯಾಗಿ ಮುಚ್ಚುತ್ತಾ ಅಂತ ಕೇಳಿ. ಪೋಸ್ಟು ದುಂಡಗಿಲ್ಲದೆ ಚಪ್ಪಟೆ ಇದ್ದರೆ ಸಾಮಾನ್ಯ ಕ್ಲಾಂಪಿಗೆ ಕೊಡಬೇಡಿ.

ಕಾಲಿನ ವಿಷಯದಲ್ಲಿ ನಿಮ್ಮ ಪೋರ್ಟಿಕೊ ಬಗ್ಗೆ ಒಂದು ಮಾತು. ನೀರು ಹರಿಯಲಿ ಅಂತ ಪೋರ್ಟಿಕೊ ನೆಲವನ್ನ ಗೇಟಿನ ಕಡೆಗೆ ಇಳಿಜಾರು ಮಾಡಿರುತ್ತಾರೆ. ಕಣ್ಣಿಗೆ ಕಾಣಲ್ಲ, ರಸಮಟ್ಟ ಇಟ್ಟರೆ ಗೊತ್ತಾಗುತ್ತೆ. ಕ್ಲಾಂಪ್ ಸ್ಟ್ಯಾಂಡಿನಲ್ಲಿ ಸೈಕಲ್ ಕಂಬದ ಒಂದೇ ಪಕ್ಕಕ್ಕೆ ತೂಗುತ್ತೆ. ಆ ಪಕ್ಕ ಇಳಿಜಾರಿನ ಕಡೆ ಬಂದರೆ ಭಾರವೆಲ್ಲ ಹೊರಗೆ ವಾಲುತ್ತೆ. ಅದಕ್ಕೆ ಸೈಕಲ್ ಇರೋ ಪಕ್ಕ ಮನೆ ಬಾಗಿಲಿನ ಕಡೆಗೆ, ಅಂದರೆ ಏರಿನ ಕಡೆಗೆ ಇರಲಿ. ಮೂರು ಕಾಲಿನದಾದರೆ ಒಂದು ಕಾಲು ನೇರವಾಗಿ ಸೈಕಲ್ ಕೆಳಗೇ ಬರಬೇಕು. ಎರಡು ಕಾಲಿನದಾದರೆ ಎರಡೂ ಸೈಕಲ್ ಕಡೆಗೇ ಚಾಚಿರಬೇಕು. ನುಣುಪು ಟೈಲ್ಸ್ ಇದ್ದರೆ ಕೆಳಗೆ ಒಂದು ರಬ್ಬರ್ ಮ್ಯಾಟ್ ಹಾಸಿ, ಎಣ್ಣೆ ಕಲೆಯೂ ತಪ್ಪುತ್ತೆ.

ಸ್ಟ್ಯಾಂಡ್ ಬಂದ ಮೊದಲ ದಿನ ಎರಡು ವಿಷಯ ನೆನಪಿರಲಿ. ಹಿಂದಿನ ಚಕ್ರ ತೆಗೆದ ಕೂಡಲೇ ಮುಂದಿನ ಭಾರ ಜಾಸ್ತಿಯಾಗಿ ಹ್ಯಾಂಡಲ್ ಗಿರಕ್ಕನೆ ತಿರುಗುತ್ತೆ. ಹಳೇ ಟ್ಯೂಬಿನ ಒಂದು ಪಟ್ಟಿಯಿಂದ ಮುಂದಿನ ಚಕ್ರವನ್ನ ಫ್ರೇಮಿನ ಕೆಳಪೈಪಿಗೆ ಕಟ್ಟಿಬಿಡಿ. ಇನ್ನೊಂದು, ಪೆಡಲ್ ಬಿಚ್ಚೋ ಥರದ ಬಲವಾದ ಕೆಲಸವನ್ನ ಸೈಕಲ್ ನೆಲದ ಮೇಲೆ ಇಟ್ಟೇ ಮಾಡಿ. ಮೇಲೆ ತೂಗಿಸಿ ಪಾನಾ ಒತ್ತಿದರೆ ಕ್ಲಾಂಪಿನಲ್ಲಿ ಪೋಸ್ಟೇ ತಿರುಗುತ್ತೆ. ಎಡಗಡೆ ಪೆಡಲಿನ ಮರೆ (ಥ್ರೆಡ್) ಉಲ್ಟಾ ಅನ್ನೋದೂ ಗೊತ್ತಿರಲಿ.

₹20,000 ನಿಮಗೆ ಬೇಡ. ತಲೆ ಲೋಹದ್ದು, 25 ಕೆ.ಜಿ. ತಡೆಯುತ್ತೆ ಅಂತ ಬರೆದಿರಬೇಕು, ಮಡಚಿ ಬಾಗಿಲ ಹಿಂದೆ ಇಡೋ ಹಾಗಿರಬೇಕು. ಅಷ್ಟಿದ್ದರೆ ನಡುವಿನ ಬೆಲೆಯದು ನಿಮ್ಮ ಮಗಳ ಕಾಲಕ್ಕೂ ಬರುತ್ತೆ.

ಪ್ರಶ್ನೆ: ಅಣ್ಣಾ, ನಮ್ಮ ಮನೇಲಿ ನಮ್ಮಪ್ಪನ ಕಾಲದ ಬಾರ್ ಸೈಕಲ್ ಒಂದು, ಮಗಳಿಗೆ ಎಂಟನೇ ಕ್ಲಾಸಿನಲ್ಲಿ ಶಾಲೆಯಿಂದ ಕೊಟ್ಟ ಸೈಕಲ್ ಒಂದು ಇವೆ. ಮಗಳದನ್ನ ಈಗ ಮಗ ಓಡಿಸುತ್ತಾನೆ. ಊರಲ್ಲೇ ವೆಲ್ಡಿಂಗ್ ಅಂಗಡಿ ಇದೆ. ಹಳೇ ಕಾರ್ ಚಕ್ರದ ಡಿಸ್ಕಿಗೆ ಪೈಪ್ ನಿಲ್ಲಿಸಿ ರಿಪೇರಿ ಸ್ಟ್ಯಾಂಡ್ ಮಾಡಿಸಬಹುದಾ?
– ರೈತರು, ಪಾಂಡವಪುರ ತಾಲ್ಲೂಕು, ಮಂಡ್ಯ ಜಿಲ್ಲೆ

ಉತ್ತರ: ಅಣ್ಣಾ, ಡಿಸ್ಕ್ ಬೇಡ. ನೋಡೋಕೆ ಭಾರವಾಗಿದೆ, ಗಟ್ಟಿ ನಿಲ್ಲುತ್ತೆ ಅನ್ನಿಸುತ್ತೆ. ಆದರೆ ನಡುವಿನಿಂದ ಅಂಚಿಗೆ ಅದು ಒಂದು ಗೇಣಿಗಿಂತ ಕಡಿಮೆ. ಸೈಕಲ್ ತೂಗೋದು ಅದಕ್ಕಿಂತ ಆಚೆ. ಬಾರ್ ಸೈಕಲ್ ಇಪ್ಪತ್ತು ಕೆ.ಜಿ. ತೂಗುತ್ತೆ, ಹಾಕಿದ ಕೂಡಲೇ ಸ್ಟ್ಯಾಂಡು ಸೈಕಲ್ಲಿನ ಜೊತೆಗೇ ಮಗುಚಿಕೊಳ್ಳುತ್ತೆ. ಮಾಡಿಸಲೇಬೇಕು ಅಂದರೆ ಡಿಸ್ಕಿನ ಬದಲು ಆ್ಯಂಗಲ್ ಕಬ್ಬಿಣದಲ್ಲಿ (L ಆಕಾರದ ಪಟ್ಟಿ) ಎರಡು ಕಾಲು ಹಾಕಿಸಿ. ಸೈಕಲ್ ತೂಗೋ ಕಡೆಗೆ ಎರಡೂವರೆ ಅಡಿ ಚಾಚಲಿ.

ಆದರೆ ದುಡ್ಡು ಹಾಕೋ ಮುಂಚೆ ಒಂದು ಮಾತು ಕೇಳಿ. ನಿಮ್ಮ ಬಾರ್ ಸೈಕಲ್ಲಿಗೆ ಡಬಲ್ ಸ್ಟ್ಯಾಂಡ್ ಇದೆ ಅಲ್ವಾ? ಅದನ್ನ ಹಾಕಿದರೆ ಹಿಂದಿನ ಚಕ್ರ ನೆಲ ಬಿಡುತ್ತೆ. ಪೆಡಲ್ ತಿರುಗಿಸಿ ಚೈನಿಗೆ ಎಣ್ಣೆ ಬಿಡೋಕೆ, ಚಕ್ರದ ಬೆಂಡ್ ನೋಡೋಕೆ ಅದೇ ಸ್ಟ್ಯಾಂಡು. ನಮ್ಮ ಹಳೇ ಸೈಕಲ್ಲಿನ ಈ ಗುಣ ಈಗಿನ ಎಷ್ಟೋ ಸೈಕಲ್ಲಿಗೆ ಇಲ್ಲ.

ಎತ್ತರಕ್ಕೆ ಬೇಕು ಅಂದರೆ ನಮ್ಮಪ್ಪ ಮಾಡುತ್ತಿದ್ದ ಹಾಗೆ ಮಾಡಿ. ಮಂಡ್ಯದಲ್ಲಿ ಅವರದು ಬಾಡಿಗೆ ಸೈಕಲ್ ಅಂಗಡಿ. ಸಕ್ಕರೆ ಕಾರ್ಖಾನೆಯ ಶಿಫ್ಟ್ ಬಿಟ್ಟ ಮೇಲೆ ಸೈಕಲ್ಲುಗಳು ಸಾಲಾಗಿ ಬರೋವು. ಅಂಗಡಿಯ ತೊಲೆಗೆ ಎರಡು ಹಗ್ಗ, ತುದಿಯಲ್ಲಿ ಎರಡು ಕಬ್ಬಿಣದ ಕೊಕ್ಕೆ. ಕೊಕ್ಕೆಗೆ ಹಳೇ ಟ್ಯೂಬ್ ಸುತ್ತಿ ಸುತ್ತಿ ಬೆರಳು ದಪ್ಪ ಆಗಿರೋದು. ಒಂದು ಕೊಕ್ಕೆ ಸೀಟಿನ ಕೆಳಗಿನ ಕಂಬಿಗೆ, ಇನ್ನೊಂದು ಹ್ಯಾಂಡಲಿನ ನಡುವಿಗೆ. ಅಪ್ಪ ಮೊದಲು ಸೀಟನ್ನ ಎರಡು ಕೈಲಿ ಅಲ್ಲಾಡಿಸಿ, ಬಿಗಿ ಇದೆ ಅಂತ ನೋಡಿಕೊಂಡೇ ಎತ್ತುತ್ತಿದ್ದರು. ಪೆಡಲ್ ಅವರ ಸೊಂಟದ ಎತ್ತರಕ್ಕೆ ಬರೋ ಹಾಗೆ ಹಗ್ಗಕ್ಕೆ ಗಂಟು ಹಾಕಿದ್ದರು. ಎಪ್ಪತ್ತರ ವಯಸ್ಸಿನಲ್ಲೂ ನೆಟ್ಟಗೆ ನಿಂತೇ ಕೆಲಸ ಮಾಡಿದರು.

ಅಮೆರಿಕದ ಮಿನ್ನೆಸೋಟದಲ್ಲೂ ಸೈಕಲ್ ಅಂಗಡಿ ನಡೆಸುತ್ತಿದ್ದ ಇಬ್ಬರು ಬಗ್ಗಿ ಬಗ್ಗಿ ಸಾಕಾಗಿ ತಮಗೆ ಅಂತಲೇ ಒಂದು ಸ್ಟ್ಯಾಂಡ್ ಮಾಡಿಕೊಂಡರು. 1963ರಲ್ಲಿ ಅದರಿಂದ ಶುರುವಾದದ್ದೇ ಪಾರ್ಕ್ ಟೂಲ್ ಅನ್ನೋ ಕಂಪನಿ. ಇವತ್ತು ದೊಡ್ಡ ದೊಡ್ಡ ಸೈಕಲ್ ಅಂಗಡಿಗಳಲ್ಲಿ ಕಾಣೋ ನೀಲಿ ಬಣ್ಣದ ಸಾಮಾನು ಅವರದು. ಸೊಂಟ ನೋವು ಎಲ್ಲ ಊರಲ್ಲೂ ಒಂದೇ.

ನಿಮ್ಮ ಮನೆಗೆ ತೊಲೆ ಇದ್ದರೆ ಹಗ್ಗ ಹಾಕಿ. ಆರ್‌ಸಿಸಿ ಆದರೆ ಸೂರಿನ ಹುಕ್ಕಿಗೆ ತುಕ್ಕು ಹಿಡಿದಿಲ್ಲ ಅಂತ ನೋಡಿಕೊಳ್ಳಿ, ಮೊದಲು ಒಂದು ಗೊಬ್ಬರದ ಚೀಲ ತೂಗಿಸಿ ಪರೀಕ್ಷೆ ಮಾಡಿ. ಹಗ್ಗದಲ್ಲಿ ಸೈಕಲ್ ಜೋಕಾಲಿ ಆಡುತ್ತೆ, ಅದೊಂದು ತೊಂದರೆ. ಮುಂದಿನ ಚಕ್ರವನ್ನ ಪಕ್ಕದ ಕಂಬಕ್ಕೆ ಒಂದು ದಾರದಲ್ಲಿ ಕಟ್ಟಿದರೆ ನಿಲ್ಲುತ್ತೆ. ನಾಲೆ ಏರಿಯ ಕೆಸರಲ್ಲಿ ಓಡಿಸಿದ ದಿನ ಹೀಗೆ ತೂಗುಹಾಕಿ ತೊಳೆದರೆ ಮಡ್‌ಗಾರ್ಡಿನ ಒಳಗಿನ ಮಣ್ಣೂ ಹೋಗುತ್ತೆ. ಮಗನ ಕೈಲೇ ಮಾಡಿಸಿ.

ಪ್ರಶ್ನೆ: ಅಂಕಲ್, ನನ್ನ ಸೈಕಲ್ಲಿಗೆ ಆಯಿಲ್ ಡಿಸ್ಕ್ ಬ್ರೇಕ್ ಇದೆ. ತಲೆಕೆಳಗೆ ನಿಲ್ಲಿಸಿ ಪಂಕ್ಚರ್ ಹಾಕಿದೆ. ಆಮೇಲಿಂದ ಹಿಂದಿನ ಬ್ರೇಕ್ ಮೆತ್ತಗಾಗಿದೆ, ಲಿವರ್ ಹ್ಯಾಂಡಲ್ ತನಕ ಬರುತ್ತೆ. ಏನು ಮಾಡಲಿ?
– ಪಿಯುಸಿ ವಿದ್ಯಾರ್ಥಿ, ಸರಸ್ವತಿಪುರಂ, ಮೈಸೂರು

ಉತ್ತರ: ನೋಡಪ್ಪ, ಲಿವರಿನ ಹತ್ತಿರ ಆಯಿಲ್ ಇರೋ ಸಣ್ಣ ಡಬ್ಬಿಯಲ್ಲಿ ಸ್ವಲ್ಪ ಗಾಳಿ ಸೇರಿರುತ್ತೆ. ಸೈಕಲ್ ನೆಟ್ಟಗಿದ್ದಾಗ ಅದು ಮೇಲೇ ನಿಂತಿರುತ್ತೆ, ತೊಂದರೆ ಇಲ್ಲ. ತಲೆಕೆಳಗೆ ಮಾಡಿದಾಗ ಪೈಪಿನೊಳಗೆ ನುಗ್ಗುತ್ತೆ. ಈಗ ಸೈಕಲ್ ನೆಟ್ಟಗೆ ನಿಲ್ಲಿಸಿ, ರಾತ್ರಿಯಿಡೀ ಬಿಡು. ಬೆಳಿಗ್ಗೆ ಲಿವರನ್ನ ನಿಧಾನಕ್ಕೆ ಇಪ್ಪತ್ತು ಮೂವತ್ತು ಸಲ ಒತ್ತು. ಗಾಳಿ ಮೇಲಕ್ಕೆ ಬಂದರೆ ಲಿವರ್ ಮತ್ತೆ ಗಟ್ಟಿಯಾಗುತ್ತೆ. ಆಗದಿದ್ದರೆ ಬ್ಲೀಡ್ ಮಾಡಿಸಲೇಬೇಕು, ಅಂದರೆ ಪೈಪಿನೊಳಗಿನ ಗಾಳಿ ತೆಗೆಸಬೇಕು, ಗೊತ್ತಿರೋ ಮೆಕ್ಯಾನಿಕ್ ಹತ್ತಿರ ತಗೊಂಡು ಹೋಗು. ಚಕ್ರ ಬಿಚ್ಚಿರುವಾಗ ಲಿವರ್ ಒತ್ತಬೇಡ. ಎರಡು ಪ್ಯಾಡ್ ನಡುವೆ ಮಡಚಿದ ರಟ್ಟು ಇಟ್ಟಿರು. ಬ್ರೇಕ್ ಸರಿಯಾಗೋವರೆಗೆ ಸೈಕಲ್ ಮನೇಲೇ ಇರಲಿ. ಬೆಟ್ಟದ ಕಡೆಗಂತೂ ಹೋಗಲೇಬೇಡ.