ಸೈಕ್ಲಿಂಗ್ ಕಲಿಯುವ ಮಗ, ರಾತ್ರಿಯ ಮೊಬೈಲ್

ಪ್ರಶ್ನೆ: ಹದಿನೈದು ವರ್ಷದ ನನ್ನ ಮಗ ಸೈಕ್ಲಿಂಗ್ ಅಭ್ಯಾಸ ಮಾಡುತ್ತಾನೆ. ಬೆಳಿಗ್ಗೆ 5 ಗಂಟೆಗೆ ಏಳಬೇಕು, ಆದರೆ ರಾತ್ರಿ ಹನ್ನೊಂದೂವರೆಯಾದರೂ ಮೊಬೈಲ್ ಬಿಡುವುದಿಲ್ಲ. ಕಸಿದುಕೊಂಡರೆ ‘ಕೋಚ್ ಸರ್ ಮೆಸೇಜ್ ಅದರಾಗ ಬರ್ತಾವು’ ಎಂದು ಜಗಳಕ್ಕೆ ನಿಲ್ಲುತ್ತಾನೆ. ಅವನ ತಂದೆ ಮೊಬೈಲನ್ನು ಪೂರ್ತಿ ಬಿಡಿಸೋಣ ಎನ್ನುತ್ತಾರೆ. ಏನು ಮಾಡಬೇಕು?
– ಒಬ್ಬ ತಾಯಿ, ತಿಕೋಟಾ, ವಿಜಯಪುರ ಜಿಲ್ಲೆ

ಉತ್ತರ: ತಾಯಿ, ಪೂರ್ತಿ ಬಿಡಿಸುವ ಮಾತನ್ನು ಸದ್ಯ ಕೈಬಿಡಿ. ಸೈಕ್ಲಿಂಗ್‌ಗೆ ಹೆಸರಾದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಲ್ಲಿ ಮಕ್ಕಳ ಅಭ್ಯಾಸದ ಒಂದಿಷ್ಟು ಭಾಗ ಈಗ ಮೊಬೈಲ್ ಮೂಲಕವೇ ನಡೆಯುತ್ತದೆ. ಸವಾರಿಯ ಭಂಗಿಯನ್ನು ನಿಧಾನಗತಿಯ ವಿಡಿಯೊದಲ್ಲಿ ತೋರಿಸಿ ತಿದ್ದುವ ತರಬೇತುದಾರರಿಗೆ ಅದು ಒಳ್ಳೆಯ ಸಾಧನ. ನೀವು ಕಾಪಾಡಬೇಕಾದದ್ದು ಮಗನ ನಿದ್ದೆಯನ್ನು.

13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ನಿದ್ರಾತಜ್ಞರ ಶಿಫಾರಸು. ನಿಮ್ಮ ಮಗನಿಗೆ ಸಿಗುತ್ತಿರುವುದು ಐದೂವರೆ ಗಂಟೆ ಮಾತ್ರ. ದಣಿದ ಸ್ನಾಯುಗಳ ದುರಸ್ತಿಗೆ ನೆರವಾಗುವ ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದು ಗಾಢ ನಿದ್ದೆಯಲ್ಲಿ. ಆದ್ದರಿಂದ ಬೆಳಗಿನ ಸವಾರಿಯಲ್ಲಿ ಅವನು ಎಷ್ಟೇ ಬೆವರು ಸುರಿಸಿದರೂ ಅದರ ಪೂರ್ಣ ಫಲ ದೇಹಕ್ಕೆ ದಕ್ಕುವುದಿಲ್ಲ. 2011ರಲ್ಲಿ ಪ್ರಕಟವಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಅಧ್ಯಯನವೊಂದರಲ್ಲಿ, ಐದರಿಂದ ಏಳು ವಾರ ಪ್ರತಿ ರಾತ್ರಿ 10 ಗಂಟೆಗಳಷ್ಟು ಕಾಲ ಹಾಸಿಗೆಯಲ್ಲಿರಲು ಪ್ರಯತ್ನಿಸಿದ ಬಾಸ್ಕೆಟ್‌ಬಾಲ್ ಆಟಗಾರರ ಓಟದ ವೇಗವೂ ಚೆಂಡು ಹಾಕುವ ನಿಖರತೆಯೂ ಸುಧಾರಿಸಿದ್ದವು. ಪಾಲ್ಗೊಂಡವರು ಹನ್ನೊಂದೇ ಮಂದಿಯಾದರೂ, ಈ ಮಾತನ್ನು ಮಗನಿಗೆ ಹೇಳಿ ನೋಡಿ. ‘ಕಣ್ಣು ಹಾಳಾಗುತ್ತದೆ’ ಎಂಬ ಬೈಗುಳಕ್ಕೆ ಕಿವಿಗೊಡದ ಹುಡುಗ, ವೇಗ ಹೆಚ್ಚುತ್ತದೆಂದರೆ ಖಂಡಿತ ಕೇಳುತ್ತಾನೆ.

ಮೊದಲು ತರಬೇತುದಾರರನ್ನು ಭೇಟಿಯಾಗಿ, ಮರುದಿನದ ಅಭ್ಯಾಸದ ಸೂಚನೆಯನ್ನು ಸಂಜೆ 7ರೊಳಗೆ ವಾಟ್ಸ್‌ಆಪ್ ಗುಂಪಿಗೆ ಹಾಕುವಂತೆ ವಿನಂತಿಸಿ. ಅಷ್ಟಾದರೆ ರಾತ್ರಿ ಮೊಬೈಲ್ ಹಿಡಿಯಲು ಮಗನಿಗೆ ಕಾರಣವೇ ಉಳಿಯುವುದಿಲ್ಲ. ಊಟ ಮುಗಿದ ಮೇಲೆ, ಎಂಟು ಗಂಟೆಯ ಸುಮಾರಿಗೆ, ಅದನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿಡಲಿ. ಅವನ ತಂದೆಯ ಮೊಬೈಲೂ ಅದರ ಪಕ್ಕದಲ್ಲೇ ಇರಲಿ, ಇಲ್ಲವಾದರೆ ಈ ನಿಯಮ ವಾರವೂ ನಿಲ್ಲದು. ‘ಅಲಾರಾಂ ಬೇಕು’ ಎಂಬ ನೆಪಕ್ಕೆ ಅಗ್ಗದ ಗಡಿಯಾರವೊಂದನ್ನು ತಂದುಕೊಡಿ. ಹನ್ನೊಂದೂವರೆಗೆ ಮಲಗುವವನನ್ನು ಒಮ್ಮೆಲೇ ಒಂಬತ್ತಕ್ಕೆ ಮಲಗಿಸಿದರೆ ಹೊರಳಾಡುತ್ತಾನೆ. ಮಲಗುವ ಹೊತ್ತನ್ನು ಎರಡು ಮೂರು ದಿನಕ್ಕೊಮ್ಮೆ ಕಾಲು ಗಂಟೆಯಷ್ಟು ಹಿಂದಕ್ಕೆ ತನ್ನಿ.

ಸವಾರಿಯ ದಾರಿ, ವೇಗವನ್ನು ದಾಖಲಿಸಿ ಇತರ ಸವಾರರೊಂದಿಗೆ ಹೋಲಿಸಿ ಪಟ್ಟಿ ತೋರಿಸುವ ಸ್ಟ್ರಾವಾದಂಥ ಆಪ್ ಬಳಸುತ್ತಾನೆಯೇ ಎಂದೂ ವಿಚಾರಿಸಿ. ಮೈಗೆ ಬಿಡುವು ಕೊಡಲೆಂದು ತರಬೇತುದಾರರು ಹಗುರ ಸವಾರಿ ಹೇಳಿದ ದಿನವೂ, ಗೆಳೆಯನ ಹೆಸರು ಪಟ್ಟಿಯಲ್ಲಿ ತನಗಿಂತ ಮೇಲಿದೆಯೆಂದು ಜೋರಾಗಿ ತುಳಿಯುವ ಹುಡುಗರಿದ್ದಾರೆ. ಇದು ನಿದ್ದೆಗೇಡಿನಷ್ಟೇ ಹಾನಿಕರ. ಜೊತೆಗೆ, ಸವಾರಿ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯಿತೆಂಬುದು ಅಪರಿಚಿತರಿಗೆ ಕಾಣದಂತೆ ಆಪ್‌ನ ಸೆಟ್ಟಿಂಗ್‌ನಲ್ಲಿ ಮರೆಮಾಡಿಸಿ; ಒಬ್ಬೊಬ್ಬರೇ ಅಭ್ಯಾಸಕ್ಕೆ ಹೋಗುವ ಹೆಣ್ಣುಮಕ್ಕಳಿಗಂತೂ ಇದು ಅತ್ಯಗತ್ಯ.

ಇಯರ್‌ಫೋನ್ ವಿಷಯದಲ್ಲಿ ಮಾತ್ರ ಯಾವ ರಾಜಿಯೂ ಬೇಡ. ನಮ್ಮ ಕಡೆ ಕಬ್ಬಿನ ಹಂಗಾಮಿನಲ್ಲಿ, ಇನ್ನೂ ಕತ್ತಲಿರುವಾಗಲೇ, ಹಿಂದೆ ಕೆಂಪು ದೀಪವೂ ಇಲ್ಲದ ಜೋಡಿ ಟ್ರೇಲರುಗಳನ್ನು ಎಳೆಯುತ್ತ ಟ್ರ್ಯಾಕ್ಟರುಗಳು ರಸ್ತೆಗಿಳಿದಿರುತ್ತವೆ. ಕಬ್ಬು ಎರಡೂ ಬದಿಗೆ ಚಾಚಿಕೊಂಡಿರುವ ಆ ಗಾಡಿ ಬೆನ್ನ ಹಿಂದೆ ಬರುತ್ತಿದೆಯೆಂದು ಸವಾರನಿಗೆ ತಿಳಿಯುವುದು ಇಂಜಿನ್ನಿನ ಸದ್ದಿನಿಂದ. ಹಾಡು ಕೇಳಬೇಕೆನಿಸಿದರೆ ಮನೆಗೆ ಬಂದು ಕೇಳಲಿ. ಮೊಬೈಲ್ ಜೇಬಿನಲ್ಲಿರಲಿ, ಪಂಕ್ಚರ್ ಆದರೆ ನಿಮಗೆ ಕರೆ ಮಾಡಲು ಬೇಕಾಗುತ್ತದೆ.

ರೀಲ್ಸ್ ನೋಡಿ ಶಕ್ತಿವರ್ಧಕ ಪುಡಿ, ಮಾತ್ರೆ ತರಿಸುವ ಚಾಳಿ ಅವನಿಗೆ ಅಂಟಿದ್ದರೆ ಇಂದೇ ನಿಲ್ಲಿಸಿ. ಅವುಗಳಲ್ಲಿ ನಿಷೇಧಿತ ವಸ್ತು ಬೆರೆತಿದ್ದು ಕ್ರೀಡಾಪಟುಗಳ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ, ತಿಳಿಯದೆ ಸೇವಿಸಿದೆ ಎಂದರೂ ಶಿಕ್ಷೆಯಿಂದ ಪಾರಾಗುವುದು ಕಷ್ಟ. ಕೆಮ್ಮು ನೆಗಡಿಯ ಔಷಧವನ್ನೂ ವೈದ್ಯರನ್ನು ಕೇಳಿಯೇ ಕೊಡಿ, ಅವನು ಕ್ರೀಡಾಪಟುವೆಂದು ಅವರಿಗೆ ಮೊದಲೇ ತಿಳಿಸಿ.